ಶಮಶಾದಳ ವ್ಯಾನು ಯಾಕೆ ಜಿಗಿಯಿತು

ಗೋವಾದಲ್ಲಿ ವಾಸ್ಕೋ ಬಂದರಿನ ಮೇಲಿರುವ ಸಡಾ ಗುಡ್ಡದ ಓಣಿಗಳಲ್ಲಿ ಸಪಾಟು ನೆಲ ಸಿಗುವುದು ಮನೆಯೊಳಗೆ ಮಾತ್ರ. ಹೊಸ್ತಿಲು ದಾಟಿದರೆ ಒಂದೋ ಏರು, ಇಲ್ಲವೇ ಇಳಿಜಾರು. ಕೈತಪ್ಪಿದ ಕೊಡ, ಮಕ್ಕಳ ಚೆಂಡು, ಖಾಲಿ ಸಿಲಿಂಡರು ಎಲ್ಲವೂ ಬಂದರಿನ ಕಡೆಗೇ ಉರುಳುತ್ತವೆ. ಅಂಥದೊಂದು ಓಣಿಯ ನಟ್ಟನಡುವೆ ಶಮಶಾದಳ ಮನೆ. ಮನೆಯ ಮುಂದೆ, ಮೂತಿ ಇಳಿಜಾರಿಗೆ ಮಾಡಿ ನಿಂತ ಅವಳ ಹಳೆಯ ಬಿಳಿ ವ್ಯಾನು.

ಶಮಶಾದಳದು ರೊಟ್ಟಿಯ ಕೆಲಸ. ಮುದ್ದೇಬಿಹಾಳದ ಕಡೆಯ ಹೆಣ್ಣು ಅವಳು. ಮದುವೆಯಾಗಿ ಗಂಡ ಗೂಡುಸಾಬನ ಹಿಂದೆ ಗೋವಾಕ್ಕೆ ಬಂದ ಹೊಸತರಲ್ಲಿ ಮನೆಮಟ್ಟಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ವಾಸನೆ ಹಿಡಿದು ಬಂದ ನೆರೆಯವರಿಗೂ ಬಡಿದು ಕೊಟ್ಟಳು. ಆಮೇಲೆ ಬಂದರಿನ ಕೂಲಿಗಳು ಉಣ್ಣುವ ಖಾನಾವಳಿಯವನು ಬಂದು ಕೇಳಿದ. ಹೀಗೆ ಬೆಳೆದು ಬೆಳೆದು ಈಗ ವಾಸ್ಕೋದ ಖಾನಾವಳಿಗಳು, ವೆರ್ಣಾದ ಕಾರ್ಖಾನೆಗಳ ಗೇಟು, ಕೊನೆಗೆ ಮಡಗಾಂವ್ ಮಾರುಕಟ್ಟೆಯವರೆಗೂ ಅವಳ ರೊಟ್ಟಿ ಹೋಗುತ್ತದೆ. ಮೂರು ಹೊತ್ತೂ ಅನ್ನ, ಪಾವು ತಿಂದು ಬೇಸತ್ತ ನಮ್ಮ ಕಡೆಯ ಜನ ಆ ವ್ಯಾನಿನ ಹಾದಿ ಕಾಯುತ್ತಾರೆ. ಒಲೆಯ ಮುಂದೆ ಅವಳಿಗೆ ಜೊತೆ, ಎರಡು ಮನೆ ಮೇಲಿನ ಹುಲಿಗೆಮ್ಮ. ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತು ಹೊತ್ತು ಸೊಂಟ ಬಿದ್ದ ಮೇಲೆ ಇಲ್ಲಿಗೆ ಬಂದು ಸೇರಿದವಳು.

ಗೂಡುಸಾಬ ಒಂದು ಕಾಲಕ್ಕೆ ಗಣಿಯ ಅದಿರು ಹೇರುವ ಲಾರಿ ಓಡಿಸುತ್ತಿದ್ದ. ಗಣಿ ನಿಂತ ಮೇಲೆ ಬಂದರಿನ ಟ್ರಕ್ಕು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ಎದುರಿನ ಗಾಡಿ ಹೊಗೆಯೊಳಗಿನ ಗಾಡಿಯಂತೆ ಕಾಣತೊಡಗಿದ ದಿನ ಅವನೇ ಚಾವಿ ತಂದು ಹೆಂಡತಿಯ ಮುಂದೆ ಇಟ್ಟ. "ನೀ ಕಲಿ" ಎಂದ. ಅಷ್ಟೇ. ಮೊದಲಿನಿಂದಲೂ ಮಾತು ಕಡಿಮೆ. ನಲವತ್ತು ದಾಟಿದ ಶಮಶಾದ ಅವನ ಪಕ್ಕ ಕೂತು, ಬೈಸಿಕೊಳ್ಳದೆ, ಹೊಗಳಿಸಿಕೊಳ್ಳದೆ, ಗಾಡಿ ಕಲಿತಳು. ಅವನು ಕಲಿಸಿದ್ದರಲ್ಲಿ ಮುಖ್ಯವಾದ ಪಾಠ ಈ ಗುಡ್ಡಕ್ಕೆ ಸಂಬಂಧಿಸಿದ್ದು. ಮೂತಿ ಇಳಿಜಾರಿಗಿದ್ದರೆ ಗಾಡಿಯನ್ನು ರಿವರ್ಸ್ ಗೇರಿನಲ್ಲಿ ಹಾಕಿ ನಿಲ್ಲಿಸಬೇಕು. ಹ್ಯಾಂಡ್ ಬ್ರೇಕನ್ನು ಎಳೆದರೂ ನಂಬಬಾರದು. ಮುಂದಿನ ಗಾಲಿಗೆ ಕಲ್ಲು ಕೊಡಬೇಕು. ಬೆಳಿಗ್ಗೆ ಕ್ಲಚ್ಚು, ಬ್ರೇಕು ಎರಡನ್ನೂ ಪೂರ್ತಿ ಒತ್ತಿ ಹಿಡಿದು ಚಾವಿ ತಿರುವಬೇಕು. ಶಮಶಾದ ಇದನ್ನು ನಮಾಜಿನಷ್ಟೇ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳು.

ಆ ವರ್ಷ ಮಳೆ ಹಿಡಿದ ಹೊಸತರಲ್ಲಿ ಒಂದು ಬೆಳಿಗ್ಗೆ, ರೊಟ್ಟಿಯ ಬುಟ್ಟಿಗಳನ್ನೆಲ್ಲ ಏರಿಸಿ, ಎಂದಿನಂತೆ ಎರಡೂ ಪೆಡಲು ಒತ್ತಿ ಚಾವಿ ತಿರುವಿದಳು. ವ್ಯಾನು ಯಾರೋ ಮೂತಿಗೆ ಗುದ್ದಿದಂತೆ ಹಿಂದಕ್ಕೆ ಜಿಗಿದು, ಇಂಜಿನ್ನು ಸತ್ತು, ಮತ್ತೆ ಮುಂದಕ್ಕೆ ಜಾರಿ ಕಲ್ಲಿಗೆ ಢಿಕ್ಕಿ ಹೊಡೆದು ನಿಂತಿತು. ಹಿಂದಿದ್ದ ನೀರಿನ ಡ್ರಮ್ಮು ಸೀಳಿ ನೀರೆಲ್ಲ ಓಣಿಯ ಪಾಲಾಯಿತು. ಎದುರುಮನೆಯ ಕಿಟಕಿಯಿಂದ ನಗು ಕೇಳಿಸಿತು.

ಗೂಡುಸಾಬ ಬಾಗಿಲಿಗೆ ಬಂದು, "ಕ್ಲಚ್ ಪೂರಾ ಒತ್ತು" ಎಂದು ಒಳಗೆ ಹೋದ.

"ಪೂರಾನ ಒತ್ತೀನ್ರಿ!" ಎಂದು ಅವಳು ಕೂಗಿದ್ದು ಖಾಲಿ ಬಾಗಿಲಿಗೆ.

ಸಿಟ್ಟಿಗೆ ಪೆಡಲನ್ನು ದಬದಬ ತುಳಿದು ಎರಡನೆಯ ಸಲ ಚಾವಿ ತಿರುವಿದಾಗ ವ್ಯಾನು ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ದಿನವಿಡೀ ಊರೆಲ್ಲ ಸುತ್ತಿದರೂ ಒಂದು ತಕರಾರಿಲ್ಲ. ಹತ್ತು ಕಡೆ ನಿಲ್ಲಿಸಿ ಹತ್ತು ಕಡೆ ಚಾಲೂ ಮಾಡಿದಳು. ಎಲ್ಲೂ ಜಿಗಿಯಲಿಲ್ಲ. ಕಾಲು ಜಾರಿರಬೇಕು ಎಂದು ಅವಳೇ ಅಂದುಕೊಂಡಳು. ಮರುದಿನ ಬೆಳಿಗ್ಗೆ ಚಪ್ಪಲಿ ಬಿಚ್ಚಿ, ಬರಿಗಾಲಿನಿಂದ ಪೆಡಲನ್ನು ನೆಲಕ್ಕೆ ಅಂಟುವಷ್ಟು ಒತ್ತಿ ಚಾವಿ ತಿರುವಿದಳು. ಮತ್ತೆ ಜಿಗಿಯಿತು.

ಗುಡ್ಡದ ಕೆಳಗೆ ಬೈನಾದಲ್ಲಿ ಯಮನೂರನ ಗ್ಯಾರೇಜು. ಗದಗದ ಕಡೆಯವನು, ಕೈ ಚಲೋ, ಮಾತು ಇನ್ನೂ ಚಲೋ. ಅವಳು ವ್ಯಾನು ತೆಗೆದುಕೊಂಡು ಹೋಗಿ ನಿಲ್ಲಿಸಿ ಎಲ್ಲ ಹೇಳಿದಳು. ಅವನು ಕೇಳುತ್ತಲೇ ಸೀಟಿಗೆ ಹತ್ತಿ, ರಿವರ್ಸ್ ಹಾಕಿ, ಕ್ಲಚ್ಚು ಒತ್ತಿ, ಚಾವಿ ತಿರುವಿದ. ವ್ಯಾನು ಮಿಸುಕಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಮಾಡಿದ. ಇಳಿದು ಮುಂದಿನ ಮುಚ್ಚಳ ತೆಗೆದು ಕ್ಲಚ್ಚಿನ ಎಣ್ಣೆಯ ಡಬ್ಬಿ ನೋಡಿದ.

"ಎಣ್ಣಿ ಗಂಟ್ಲ ಮಟ ತುಂಬೇತಿ ಅಕ್ಕಾ. ಎಲ್ಲೂ ಸೋರೂದಿಲ್ಲ. ಗಾಡಿ ಚಲೋ ಐತ್ರಿ."

"ಮತ್ತ ಮುಂಜಾನಿ ಯಾಕ ಜಿಗಿತೈತಿ?"

"ಮುಂಜಾನಿ ನಿದ್ದಿಗಣ್ಣಾಗ ಇರ್ತೀರಿ. ಕಾಲ ಅರ್ಧಕ್ಕ ನಿಲ್ಲತೈತಿ" ಎಂದು ನಕ್ಕ.

"ನಸುಕಿನಾಗ ಎದ್ದು ರೊಟ್ಟಿ ಬಡದು ಆಮ್ಯಾಲ ಗಾಡಿ ಹತ್ತಾಕಿ ನಾ. ನನಗೆಲ್ಲಿ ನಿದ್ದಿಗಣ್ಣಪ್ಪಾ?"

"ಹಂಗಾರ ಒಂದ ಕೆಲಸ ಮಾಡ್ರಿ. ನ್ಯೂಟ್ರಲ್‌ಗೆ ತಂದು ಚಾಲೂ ಮಾಡ್ರಿ. ಮುಗದ ಹೋತು."

ಮುಗಿದು ಹೋಗಲಿಲ್ಲ. ಇಡೀ ಗಾಡಿಯ ಭಾರ ಗೇರಿನ ಮೇಲೆ ಕೂತಿರುತ್ತಿತ್ತು. ಬೆಳಿಗ್ಗೆ ಆ ಗೇರಿನ ಹಿಡಿಕೆ ಬಾವಿಗೆ ಬಿದ್ದ ಕೊಡದಂತೆ ಕಚ್ಚಿಕೊಂಡು ಬರುತ್ತಲೇ ಇರಲಿಲ್ಲ. ಎರಡೂ ಕೈಯಿಂದ ಜಗ್ಗಿ ನ್ಯೂಟ್ರಲ್ಲಿಗೆ ತಂದು ಚಾಲೂ ಮಾಡಿದರೆ, ಮೊದಲ ಗೇರು ಹಾಕುವಾಗ ಕರ್ರೆಂದು ಹಲ್ಲು ಕಡಿಯುವ ಸದ್ದು. ಓಣಿಯ ನಾಯಿಗಳು ಬೊಗಳಿದವು. ಅವಳು ಇದನ್ನೂ ಹೋಗಿ ಯಮನೂರನಿಗೆ ಹೇಳಿದಳು.

"ಗೇರ್ ಹಾಕೋ ಮುಂದ ಕ್ಲಚ್ ಪೂರಾ ಒತ್ರಿ ಅಕ್ಕಾ" ಎಂದ ಅವನು.

ಎತ್ತಿಂದ ಶುರುವಾದರೂ ಎಲ್ಲರ ಮಾತೂ ಕೊನೆಗೆ ಅವಳ ಎಡಗಾಲಿಗೇ ಬಂದು ನಿಲ್ಲುತ್ತಿತ್ತು. ಒಂದು ಸಲ ಹಟ ಹಿಡಿದು ವ್ಯಾನನ್ನು ಇಡೀ ರಾತ್ರಿ ಅವನ ಗ್ಯಾರೇಜಿನಲ್ಲೇ ಬಿಟ್ಟು ಬಂದಳು. ಮರುದಿನ ರೊಟ್ಟಿಗಳನ್ನು ರಿಕ್ಷಾದಲ್ಲಿ ಹೇರಿಸಿ, ವೆರ್ಣಾಕ್ಕೆ ಹೊತ್ತು ಮೀರಿ ತಲುಪಿ, ಗೇಟಿನಲ್ಲಿ ಬೈಸಿಕೊಂಡು, ಬಿಸಿಲೇರಿದ ಮೇಲೆ ಗ್ಯಾರೇಜಿಗೆ ಬಂದರೆ ಯಮನೂರ ಕೈ ಒರೆಸಿಕೊಳ್ಳುತ್ತ ಹೇಳಿದ: "ನಾನ ಚಾಲೂ ಮಾಡೇನಿ ಅಕ್ಕಾ. ಕೂಸಿನಂಗ ಎದ್ದೈತಿ." ಅವನು ಸೀಟಿನಲ್ಲಿ ಕೂತ ಕೂಡಲೇ ಅಭ್ಯಾಸಬಲದಿಂದ ಪೆಡಲನ್ನು ನಾಲ್ಕಾರು ಸಲ ಒತ್ತಿ ಬಿಡುವವನು. ಅದನ್ನು ಅವನೂ ಗಮನಿಸಿರಲಿಲ್ಲ, ಅವಳಿಗೂ ಗೊತ್ತಾಗುವ ದಾರಿ ಇರಲಿಲ್ಲ.

ಮಡಗಾಂವಿನ ಕಾಯತಾನ ಮೇಸ್ತ್ರಿ ಹೆಸರುವಾಸಿ ಎಂದು ಯಾರೋ ಹೇಳಿದರು. ಮಾರುಕಟ್ಟೆಯಲ್ಲಿ ರೊಟ್ಟಿ ಇಳಿಸಿ ಅವನಲ್ಲಿಗೂ ಹೋದಳು. ಕೊಂಕಣಿಯಲ್ಲಿ ಅವಳಿಗೆ ಬರುವುದು ರೊಟ್ಟಿ ಮಾರುವಷ್ಟು. ಗಾಡಿಯ ರೋಗ ಹೇಳುವಷ್ಟಲ್ಲ. ಕೈ ಹಿಂದಕ್ಕೆ ಚಾಚಿ, ಮೈ ಕುಪ್ಪಳಿಸಿ ತೋರಿಸಿದಳು. ಅವನು ಗಂಭೀರವಾಗಿ ನೋಡಿ, ವ್ಯಾನಿನ ಕೆಳಗೆ ತಲೆ ಹಾಕಿ, ಇಂಜಿನ್ನು ಕೂರುವ ರಬ್ಬರು ಹರಿದಿದೆ ಎಂದ. ಹರಿದದ್ದು ನಿಜವೇ ಆಗಿತ್ತು. ಕೈಗೆ ಕೊಟ್ಟು ತೋರಿಸಿದ. ಹೊಸದನ್ನು ಹಾಕಿ, "ಜಾಲೆಂ ಬಾಯ್, ಆತಾಂ ಉಡ್ಚೆನಾ" ಎಂದ. ಆಯಿತು, ಇನ್ನು ಜಿಗಿಯುವುದಿಲ್ಲ ಎಂದು. ಶಮಶಾದ ಹಗುರಾಗಿ ಮನೆಗೆ ಬಂದಳು. ಮರುದಿನ ಬೆಳಿಗ್ಗೆ ವ್ಯಾನು ಮೊದಲಿಗಿಂತ ಜೋರಾಗಿ ಜಿಗಿಯಿತು.

ಆ ದಿನ ಅವಳು ಸ್ಟೇರಿಂಗಿನ ಮೇಲೆ ತಲೆ ಇಟ್ಟಳು. ಅಳು ಬರಲಿಲ್ಲ. ಅಳು ಬಂದಿದ್ದರೆ ಚಲೋ ಇತ್ತು ಎಂದು ಆಮೇಲೆ ಹುಲಿಗೆಮ್ಮನಿಗೆ ಹೇಳಿದಳಂತೆ. ಗಾಡಿಯ ಮೇಲಿನ ಸಿಟ್ಟಿಗಿಂತ ಗಂಡನ ಮೇಲಿನ ಸಿಟ್ಟು ದೊಡ್ಡದಾಗಿತ್ತು. ಯಮನೂರ ನಂಬದಿದ್ದರೆ ನಂಬದಿರಲಿ. ಪಕ್ಕದಲ್ಲಿ ಕೂತು ಕಲಿಸಿದವನು, ಅವಳ ಕಾಲು ಹೇಗೆ ಒತ್ತುತ್ತದೆ ಎಂದು ಕಣ್ಣಿಲ್ಲದೆಯೂ ಬಲ್ಲವನು, ಅವನೂ ದಿನಾ ಬಾಗಿಲಿಗೆ ಬಂದು ಅದೇ ಒಂದು ಮಾತು ಹೇಳಿ ಒಳಗೆ ಹೋಗುತ್ತಿದ್ದ.

ಹುಲಿಗೆಮ್ಮನಿಗೆ ಪೆಟ್ಟಾದದ್ದು ಅದಾದ ವಾರದಲ್ಲೇ.

ಜಡಿಮಳೆ. ಒಲೆಯ ಕಟ್ಟಿಗೆ ಹಸಿಯಾಗಿ ರೊಟ್ಟಿಯೇ ತಡವಾಗಿತ್ತು. ಇಬ್ಬರೂ ಪ್ಲಾಸ್ಟಿಕ್ ಹೊದಿಸಿದ ಬುಟ್ಟಿಗಳನ್ನು ಓಡೋಡಿ ಏರಿಸಿದರು. ಹುಲಿಗೆಮ್ಮ ಹಿಂದಿನ ಬಾಗಿಲು ಬಡಿದು, "ಆತು, ಹೊಂಡು" ಎಂದಳು. ಶಮಶಾದ ಸೀಟಿಗೆ ಹತ್ತಿ ಗೇರಿನ ಹಿಡಿಕೆ ಜಗ್ಗಿದಳು. ಬರಲಿಲ್ಲ. ಮತ್ತೆ ಜಗ್ಗಿದಳು. ಬೆವರು, ಮಳೆ, ಮೇಲೆ ವಾಸ್ಕೋದ ಖಾನಾವಳಿಯವನ ಫೋನು. ಎರಡೂ ಪೆಡಲು ಒತ್ತಿ ಹಾಗೆಯೇ ಚಾವಿ ತಿರುವಿದಳು. ಅಷ್ಟರಲ್ಲಿ ಹುಲಿಗೆಮ್ಮನಿಗೆ ಶೇಂಗಾ ಚಟ್ನಿಯ ಡಬ್ಬಿ ಒಳಗೇ ಉಳಿದದ್ದು ನೆನಪಾಗಿ, ಅದನ್ನು ತಂದು ಹಿಂದಿನ ಬಾಗಿಲು ಮತ್ತೆ ತೆಗೆದಿದ್ದಳು. ಮಳೆಯ ಸದ್ದಿನಲ್ಲಿ ಶಮಶಾದಳಿಗೆ ಅದು ಕೇಳಿಸಿರಲಿಲ್ಲ.

ವ್ಯಾನು ಜಿಗಿಯಿತು. ಹುಲಿಗೆಮ್ಮ ಹಿಂದಕ್ಕೆ ಮಲಗಿಬಿಟ್ಟಳು. ಊರಿದ ಕೈ ಮಣಿಕಟ್ಟಿನಲ್ಲಿ ಮುರಿಯಿತು. ರೊಟ್ಟಿಗಳು ಕೆಂಪು ಮಣ್ಣಿನ ನೀರಿನಲ್ಲಿ ತೇಲುತ್ತ ಇಳಿದುಹೋದವು.

ಆಸ್ಪತ್ರೆಯಿಂದ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಬರುವ ಹೊತ್ತಿಗೆ ಹುಲಿಗೆಮ್ಮನ ಗಂಡ ಗಂಗಪ್ಪ ಬಂದರಿನ ಪಾಳಿ ಬಿಟ್ಟು ಬಂದಿದ್ದ. ಓಣಿಯ ಮಂದಿಯ ಎದುರಿಗೇ ಗೂಡುಸಾಬನಿಗೆ ಹೇಳಿದ:

"ಇವತ್ತ ಕೈ ಮುರದೈತಿ ಸಾಬ್ರ. ನಾಳೆ ಯಾವದರ ಕೂಸು ಗಾಲಿ ಕೆಳಗ ಹ್ವಾದ್ರ? ಬರಲಾರದವರ ಕೈಯಾಗ ಗಾಡಿ ಯಾಕ ಕೊಡ್ತೀರಿ?"

ಹುಲಿಗೆಮ್ಮ, "ಆಕಿದೇನೂ ತಪ್ಪಿಲ್ಲ, ನಾನ ಹೋಗಿ ನಿಂತ್ನಿ" ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಮಶಾದ ಗಂಡನ ಮುಖ ನೋಡಿದಳು. ಅವನು ಒಳಗೆ ನಡೆದ. ಮನೆಯೊಳಗೆ ಬಂದ ಮೇಲೆ ಮಾತ್ರ, "ಗಾಡಿ ಮಾರೂಣು" ಎಂದ.

"ಮಾರೂಣು ಅಂತೀರಿ. ಏನಾಗೇತಿ ನೋಡೂಣು ಅನ್ನಾಕ ಬರೂದಿಲ್ಲೇನು ನಿಮಗ?"

ಅವನು ತಟ್ಟೆ ಸರಿಸಿ ಎದ್ದು ಹೋದ.

ಮರುದಿನ ರೊಟ್ಟಿ ಬಡಿಯಲಿಲ್ಲ. ಬಡಿಯಲು ಜೊತೆಗಾತಿಯೂ ಇರಲಿಲ್ಲ. ಆದರೆ ರೂಢಿಯಂತೆ ಎಚ್ಚರವಾಯಿತು. ಮಳೆ ನಿಂತಿತ್ತು. ಕೆಳಗೆ ಬಂದರಿನಾಚೆ ಹಡಗುಗಳು ಬೂದಿ ನೀರಿನಲ್ಲಿ ನಿಂತಿದ್ದವು. ಶಮಶಾದ ಚಾವಿಯನ್ನು ಮನೆಯಲ್ಲೇ ಬಿಟ್ಟು ವ್ಯಾನಿನ ಸೀಟಿಗೆ ಹೋಗಿ ಕೂತಳು. ಚಾಲೂ ಮಾಡುವ ಅವಸರವಿಲ್ಲದೆ, ಮೊದಲ ಬಾರಿಗೆ, ಬರೀ ಪೆಡಲಿನ ಮೇಲೆ ಕಾಲಿಟ್ಟು ನೋಡಿದಳು.

ಕಾಲು ಇಳಿದೇ ಹೋಯಿತು. ಅಡ್ಡಿಯೇ ಇಲ್ಲ. ನೀರು ಹೆಚ್ಚಾದ ಹಿಟ್ಟಿನಲ್ಲಿ ಬೆರಳು ಇಳಿದಂತೆ. ಬಿಟ್ಟು ಮತ್ತೆ ಒತ್ತಿದಳು. ಸ್ವಲ್ಪ ಗಟ್ಟಿ. ಮತ್ತೆ ಒತ್ತಿದಳು, ಇನ್ನೂ ಗಟ್ಟಿ. ಆಮೇಲೆ ಒತ್ತಿದಾಗ ಹದವಾದ ಹಿಟ್ಟಿನಂತೆ ಕಾಲಿಗೆ ಎದುರು ಬಂತು. ದಿನವಿಡೀ ಅವಳಿಗೆ ಗೊತ್ತಿದ್ದ ಪೆಡಲು ಇದು. ಹಾಗಾದರೆ ಮೊದಲು ಒತ್ತಿದ್ದು ಏನು?

ಅವಳು ಓಡಿಹೋಗಿ ಗಂಡನನ್ನು ಎಬ್ಬಿಸಿ ಕರೆತಂದಳು. "ಕಾಲಿಟ್ಟ ನೋಡ್ರಿ."

ಗೂಡುಸಾಬ ಕೂತು ಒತ್ತಿದ. ಪೆಡಲು ಗಟ್ಟಿಯಾಗಿತ್ತು. "ಚಲೋ ಐತಲ್ಲ."

"ಈಗ ಚಲೋ ಐತ್ರಿ! ಮೊದಲ ಒತ್ತಿದಾಗ ಮೆತ್ತಗಿತ್ತು. ಒತ್ತಿ ಒತ್ತಿ ನಾನ ಗಟ್ಟಿ ಮಾಡೇನಿ."

"ಹಂಗೆಲ್ಲಿ ಇರತೈತಿ" ಎಂದು ಅವನು ಇಳಿದ.

ತಾನೇ ಸಾಕ್ಷಿಯನ್ನು ತುಳಿದು ಹಾಳು ಮಾಡಿದ್ದಕ್ಕೆ ಶಮಶಾದಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇರಲಿ, ನಾಳೆ ಮುಟ್ಟುವುದೇ ಇಲ್ಲ, ಮೊದಲು ಇವರ ಕಾಲನ್ನೇ ಇಡಿಸುತ್ತೇನೆ ಎಂದುಕೊಂಡಳು. ಮರುದಿನ ಎಚ್ಚರವಾದ ಕೂಡಲೇ ಪಕ್ಕಕ್ಕೆ ಕೈ ಚಾಚಿದರೆ ಹಾಸಿಗೆ ಖಾಲಿ. ಹೊರಗೆ ಬಂದು ನೋಡಿದಳು. ಗೂಡುಸಾಬ ವ್ಯಾನಿನ ಮುಂದಿನ ಮುಚ್ಚಳ ಎತ್ತಿ ಬಗ್ಗಿ ನಿಂತಿದ್ದ. ಬಲಗೈಯಲ್ಲಿ ಒಂದು ಸಣ್ಣ ಬಾಟಲಿ. ಎಡಗೈಯ ಬೆರಳನ್ನು ಎಣ್ಣೆಯ ಡಬ್ಬಿಯ ಬಾಯಿಯೊಳಗೆ ಇಳಿಬಿಟ್ಟು, ಬೆರಳ ತುದಿಗೆ ತಾಗುವವರೆಗೆ ನಿಧಾನವಾಗಿ ಹೊಯ್ಯುತ್ತಿದ್ದ.

"ಏನ್ ಮಾಡಾಕತ್ತೀರಿ?"

ಅವನು ಬೆಚ್ಚಲಿಲ್ಲ. "ಕ್ಲಚ್ಚಿನ ಎಣ್ಣಿ. ಕಡಿಮಿ ಆಗಿತ್ತು."

"ಕಡಿಮಿ ಆಗಿತ್ತು ಅಂದ್ರ? ಇದಕ್ಕ ಮೊದಲೂ ಹಾಕೀರಿ?"

"ಹಾಕ್ತಿರ್ತೀನಿ. ಮಳಿ ಹಿಡದಾಗಿಂದ ಭಾಳ ಕುಡ್ಯಾಕತ್ತೈತಿ. ಹಳೇ ಗಾಡಿ."

ಶಮಶಾದಳ ಬಾಯಿಂದ ಬಂದದ್ದು ಎದುರುಮನೆಯ ಕಿಟಕಿಗೂ ಕೇಳಿಸಿತು.

"ಆ ಯಮನೂರ ಡಬ್ಬಿ ನೋಡಿ ಎಣ್ಣಿ ತುಂಬೇತಿ, ಸೋರೂದಿಲ್ಲ ಅಂತ ಹೇಳ್ತಾನ. ನಾ ಹುಚ್ಚಿ ಹಂಗ ಮಡಗಾಂವ್ ಮಟ ತಿರಗ್ತೀನಿ. ಹುಲಿಗೆಮ್ಮನ ಕೈ ಮುರಿತೈತಿ. ನೀವ ಇಲ್ಲಿ ದಿನಾ ಎದ್ದು ಎಣ್ಣಿ ತುಂಬಸ್ತೀರಿ! ಒಂದ ಮಾತ ಹೇಳಾಕ ಏನಾಗಿತ್ರಿ ನಿಮಗ?"

"ಅದರಾಗ ಏನ್ ಹೇಳೂದೈತಿ?" ಎಂದ ಗೂಡುಸಾಬ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಲಾರಿಯ ಕಾಲದಿಂದಲೂ ಅವನು ಗಾಡಿಗೆ ಬೇಕಾದ್ದನ್ನು ಗಾಡಿಗೆ ಹಾಕಿದವನು. ಓಡಿಸಲು ಆಗದಿದ್ದರೇನು, ಇಷ್ಟಾದರೂ ತನ್ನ ಕೈಲಿ ಆಗುತ್ತದೆ ಎಂದು ಮಾಡುತ್ತಿದ್ದ. ನೀರು ಕುಡಿಸಿದ್ದನ್ನು ಎತ್ತಿನ ಒಡೆಯ ಮನೆಯವರಿಗೆಲ್ಲ ಹೇಳುತ್ತಾನೆಯೇ?

"ಹತ್ರಿ ಮ್ಯಾಲ" ಎಂದಳು ಶಮಶಾದ. "ಒಂದ ಸಲ, ಒಂದ ಸಲ ಅಷ್ಟ ಒತ್ರಿ."

ಗೂಡುಸಾಬ ತಡವರಿಸುತ್ತ ಸೀಟಿಗೆ ಹತ್ತಿ ಎಡಗಾಲು ಇಟ್ಟ. ಪೆಡಲು ತಳಕ್ಕಿಳಿಯಿತು. ಅವನು ಕಾಲು ತೆಗೆಯದೆ ಹಾಗೆಯೇ ಕೂತ. ಮುಖ ಅವಳ ಕಡೆ ತಿರುಗಿತು, ಮಬ್ಬುಗಣ್ಣು ಅವಳನ್ನು ಹುಡುಕಿತು.

"ಇದು ಕ್ಲಚ್ ಬಿಡೂದ ಇಲ್ಲಲ್ಲ" ಎಂದ ಮೆಲ್ಲಗೆ.

"ಹೂಂ."

"ಇಷ್ಟ ದಿನ ಹಿಂಗ ಇತ್ತೇನು?"

ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಬೈನಾಕ್ಕೆ ನಡೆದೇ ಹೊರಟಳು.

"ಗಾಡಿ ಎಲ್ಲಿ ಅಕ್ಕಾ?" ಎಂದ ಯಮನೂರ.

"ಮನಿ ಮುಂದ ಐತಿ. ನೀ ಬರಬೇಕು. ನಾಳೆ ಮುಂಜಾನಿ, ಯಾರೂ ಮುಟ್ಟೂಕ್ಕಿಂತ ಮೊದಲ."

"ಗುಡ್ಡಾ ಹತ್ತಿ ಯಾರ ಬರ್ತಾರ್ರಿ ಮಳ್ಯಾಗ? ನೀವ ತಗೊಂಡ ಬರ್ರಿ, ನೋಡ್ತೀನಿ."

"ತಂದು ತಂದು ಸಾಕಾಗೇತಿ. ತಂದ ಕೂಡಲೇ ಅದು ಚಲೋ ಆಗತೈತಿ. ನೀ ಬರೂ ಮಟ ಇಲ್ಲೇ ಕುಂದರ್ತೀನಿ" ಎಂದು ಅಲ್ಲಿ ಬಿದ್ದಿದ್ದ ಟೈರಿನ ಮೇಲೆ ಕೂತೇಬಿಟ್ಟಳು. ಬಂದ ಗಿರಾಕಿಗಳೆಲ್ಲ ಏನಾಯಿತು ಎಂದು ಕೇಳತೊಡಗಿದರು. ಪ್ರತಿಯೊಬ್ಬರಿಗೂ ಅವಳು ಬಾಯಿಬಿಟ್ಟು ಹೇಳಿದಳು. ಯಮನೂರ ಮಧ್ಯಾಹ್ನದ ಹೊತ್ತಿಗೆ ಸೋತು, ಬರುತ್ತೇನೆ ಎಂದು ಮಾತು ಕೊಟ್ಟ.

ಆ ಸಂಜೆಯಿಂದ ಗೂಡುಸಾಬ ಹೊಸ್ತಿಲಲ್ಲಿ ಕುರ್ಚಿ ಹಾಕಿ ಕೂತ. ವ್ಯಾನಿನ ಹತ್ತಿರ ಸುಳಿದವರನ್ನೆಲ್ಲ "ಮುಟ್ಟಬ್ಯಾಡ್ರಿ" ಎಂದು ದೂರವಿಟ್ಟ. ಎಣ್ಣೆಯ ಬಾಟಲಿಯನ್ನು ತಾನಾಗಿಯೇ ಹೆಂಡತಿಯ ಕೈಗೆ ಕೊಟ್ಟಿದ್ದ.

ಮರುದಿನ ಬೆಳಿಗ್ಗೆ ಯಮನೂರ ರೇನ್‌ಕೋಟಿನಲ್ಲಿ ಗೊಣಗುತ್ತ ಬಂದು, ಬಾಗಿಲು ತೆಗೆದು, ನಿಂತಲ್ಲಿಂದಲೇ ಕೈಯಿಂದ ಪೆಡಲು ಒತ್ತಿದ. ಗೊಣಗು ನಿಂತಿತು. ಚೀಲ ಹಾಸಿ ವ್ಯಾನಿನ ಕೆಳಗೆ ನುಸುಳಿದ. ಗೇರ್ ಬಾಕ್ಸಿನ ಪಕ್ಕದಲ್ಲಿ ಒಂದು ಸಣ್ಣ ಸಿಲಿಂಡರು. ಪೆಡಲು ಒತ್ತಿದಾಗ ಕೊಳವೆಯಲ್ಲಿ ಬರುವ ಎಣ್ಣೆ ಅದರ ಒಳಗಿನ ದಂಡವನ್ನು ತಳ್ಳಬೇಕು, ಆ ದಂಡ ಕ್ಲಚ್ಚನ್ನು ಬಿಡಿಸಬೇಕು. ಅದರ ಬಾಯಿಗಿದ್ದ ರಬ್ಬರಿನ ಟೋಪಿಯನ್ನು ಯಮನೂರ ಉಗುರಿನಿಂದ ಎತ್ತಿದ. ಒಳಗೆ ಸೇರಿಕೊಂಡಿದ್ದ ಎಣ್ಣೆ ಅವನ ಮೊಣಕೈವರೆಗೆ ಇಳಿಯಿತು.

"ಯಪ್ಪಾ! ಎಲ್ಲಾ ಇಲ್ಲೇ ಐತಿ ನೋಡ್ರಿ" ಎಂದು ಕೆಳಗಿನಿಂದಲೇ ಕೂಗಿದ. "ಒಳಗಿನ ರಬ್ಬರ್ ತಿಂದು ಹೋಗೇತಿ. ಗಾಡಿ ನಿಂತಾಗ ಎಣ್ಣಿ ಜಿನಗತೈತಿ, ಗಾಳಿ ಒಳಗ ಸೇರತೈತಿ. ಮುಂಜಾನಿ ಮೊದಲ ಒತ್ತಿದಾಗ ಆ ಗಾಳಿನ ಒತ್ತಿದಂಗ. ಕ್ಲಚ್ ಎಲ್ಲಿಂದ ಬಿಡತೈತಿ? ನಾಕ ಸಲ ಒತ್ತಿದ ಮ್ಯಾಲ ಮತ್ತ ಎಣ್ಣಿ ಜೋರ ಬರತೈತಿ."

ಕೆಳಗೆ ಅಡ್ಡವಿದ್ದ ತಗಡಿನ ಮೇಲೆ ಕೆಂಪು ಮಣ್ಣು ದಪ್ಪಗೆ ಮೆತ್ತಿ ಎಣ್ಣೆಯನ್ನೆಲ್ಲ ಹೀರಿಕೊಂಡಿತ್ತು. ಅದಕ್ಕೇ ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಡಬ್ಬಿಯಲ್ಲಿ ಎಣ್ಣೆ ಕಡಿಮೆಯಾಗಿದ್ದರೆ ಅದೊಂದೇ ಗುರುತು ಸಾಕಾಗುತ್ತಿತ್ತು. ಆ ಗುರುತನ್ನು ಗೂಡುಸಾಬನ ಬೆರಳು ದಿನದಿನವೂ ಅಳಿಸಿಹಾಕಿತ್ತು.

ಯಮನೂರ ಎದ್ದು ಕೈ ಒರೆಸಿಕೊಂಡ. "ಚಾಚಾ, ಎಣ್ಣಿ ಹಾಕಾಕತ್ತೀನಿ ಅಂತ ಒಂದ ಮಾತ ಹೇಳಿದ್ರ ನಾ ಮೊದಲನೇ ದಿನಾನ ಹುಡುಕ್ತಿದ್ನಿ."

"ನಾ ಹೇಳಿದ್ದ ಕೇಳಿದ್ರೂ ಹುಡುಕ್ತಿದ್ದಿ" ಎಂದಳು ಶಮಶಾದ. "ಬರೇ ಮುಂಜಾನಿ ಆಗತೈತಿ ಅಂತ ಎಷ್ಟ ಸಲ ಹೇಳಿಲ್ಲ ನಿನಗ?"

ಯಮನೂರ ಮಾತು ತಿರುಗಿಸಿ, ಸಿಲಿಂಡರು ವಾಸ್ಕೋದಲ್ಲಿ ಸಿಗದಿದ್ದರೆ ಮಡಗಾಂವಿನಿಂದ ತರಿಸಬೇಕಾಗುತ್ತದೆ ಎಂದ. ಮಡಗಾಂವಿನಿಂದಲೇ ತರಿಸಬೇಕಾಯಿತು. ಅದು ಬರುವವರೆಗೆ ರಿಕ್ಷಾದಲ್ಲಿ ರೊಟ್ಟಿ ಹೋಯಿತು. ವೆರ್ಣಾದ ಒಂದು ಗೇಟಿನವರು ಅಷ್ಟರಲ್ಲಿ ಬೇರೆ ಯಾರದೋ ಚಪಾತಿ ಹಿಡಿದಿದ್ದರು. ಹೊಸ ಸಿಲಿಂಡರು ಹಾಕಿ, ಕೊಳವೆಯ ಗಾಳಿ ತೆಗೆದ ಮರುದಿನ ಬೆಳಿಗ್ಗೆ ಶಮಶಾದ ರಿವರ್ಸ್ ಗೇರಿನಲ್ಲೇ, ಒಂದೇ ಸಲ ಪೆಡಲು ಒತ್ತಿ, ಉಸಿರು ಬಿಗಿಹಿಡಿದು ಚಾವಿ ತಿರುವಿದಳು. ವ್ಯಾನು ನಿಂತಲ್ಲೇ ನಿಂತು ಗುರುಗುಟ್ಟಿತು.

ಖುಷಿಯಾಗಬೇಕಿತ್ತು. ಎದುರುಮನೆಯ ಕಿಟಕಿಯಿಂದ, "ಅಂತೂ ಕ್ಲಚ್ ಒತ್ತೂದ ಕಲತಿ ಬಿಡವಾ" ಎಂಬ ದನಿ ಬಂತು. ಶಮಶಾದ ಇಳಿದು ಹೋಗಿ, ಸಿಲಿಂಡರು, ರಬ್ಬರು, ಗಾಳಿ, ಎಲ್ಲವನ್ನೂ ವಿವರಿಸಿದಳು. ಆ ಹೆಂಗಸು ತಲೆಯಾಡಿಸಿ ಕೇಳಿ, "ಅದ ಅಂದ್ನಿ, ಈಗ ಚಲೋ ಓಡಸ್ತಿ" ಎಂದಳು. ಓಣಿಯಲ್ಲಿ ಈಗಲೂ ಕಥೆ ಹೀಗೇ ಉಳಿದಿದೆ: ಶಮಶಾದಳಿಗೆ ಕ್ಲಚ್ಚು ಬರುತ್ತಿರಲಿಲ್ಲ, ಹುಲಿಗೆಮ್ಮನ ಕೈ ಮುರಿದ ಮೇಲೆ ಕಲಿತಳು. ಗಂಗಪ್ಪನ ಮನೆಗೆ ಗೂಡುಸಾಬ ಹೋಗಿ, ತಪ್ಪು ಗಾಡಿಯದು, ಗಾಡಿ ನೋಡಿಕೊಳ್ಳುತ್ತಿದ್ದ ತನ್ನದು ಎಂದು ಹೇಳಿ ಬಂದನಂತೆ. ಗಂಗಪ್ಪ ಚಹಾ ಕುಡಿಸಿ ಕಳಿಸಿದ. ಮಾತನ್ನು ನಂಬಿದನೋ ಇಲ್ಲವೋ. ಪ್ಲಾಸ್ಟರು ಬಿಚ್ಚಿದ ಮೇಲೆ ಹುಲಿಗೆಮ್ಮ ರೊಟ್ಟಿಗೆ ಬಂದಳು. ಆ ಕೈ ಮೊದಲಿನಷ್ಟು ಜೋರಾಗಿ ಬಡಿಯುವುದಿಲ್ಲ, ಹಾಗಾಗಿ ಅವಳು ಈಗ ಬೇಯಿಸುವ ಕಡೆ ಕೂರುತ್ತಾಳೆ.

ಮಳೆಗಾಲ ಮುಗಿಯುವ ಹೊತ್ತಿಗೆ ವ್ಯಾನಿನ ಎಡಗಡೆಯ ಹಿಂದಿನ ಗಾಲಿಯಲ್ಲಿ ಹೊಸದೊಂದು ಸದ್ದು ಶುರುವಾಯಿತು. ಗೂಡುಸಾಬನಿಗೆ ಕಣ್ಣಿನ ಆಸ್ಪತ್ರೆಗೆ ಹೋಗುವುದಿತ್ತು, ಪಕ್ಕದಲ್ಲಿ ಕೂತಿದ್ದ. ದಾರಿಯಲ್ಲಿ ಶಮಶಾದ ಗ್ಯಾರೇಜಿನ ಮುಂದೆ ನಿಲ್ಲಿಸಿದಳು. ಯಮನೂರ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದವನು ನೇರವಾಗಿ ಗೂಡುಸಾಬನ ಕಿಟಕಿಗೆ ಬಗ್ಗಿ, "ಏನಾಗೇತ್ರಿ ಚಾಚಾ ಗಾಡಿಗೆ?" ಎಂದ.

ಶಮಶಾದ ಸ್ಟೇರಿಂಗು ಹಿಡಿದ ಕೈ ಬಿಗಿ ಮಾಡಿ ಮುಂದಿನ ರಸ್ತೆ ನೋಡುತ್ತ ಕೂತಳು. ಬಾಯಿ ತೆರೆದರೆ ಏನು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಗೂಡುಸಾಬ ಕಿಟಕಿಯ ಗಾಜು ಪೂರ್ತಿ ಇಳಿಸಿದ. "ನನಗೇನ್ ಕೇಳ್ತಿ? ಓಡಸೂಕಿ ಆ ಕಡಿ ಅದಾಳ. ಸುತ್ತ ಹಾಕಿ ಹೋಗಿ ಕೇಳು. ಪೂರಾ ಕೇಳು ಮತ್ತ."

ಯಮನೂರ ವ್ಯಾನಿನ ಮೂತಿ ಸುತ್ತಿ ಅವಳ ಕಿಟಕಿಗೆ ಬಂದ. ಶಮಶಾದ ಇಂಜಿನ್ನು ಬಂದ್ ಮಾಡಿದಳು. ಸದ್ದು ಯಾವ ತಿರುವಿನಲ್ಲಿ ಬರುತ್ತದೆ, ಯಾವುದರಲ್ಲಿ ಬರುವುದಿಲ್ಲ, ಬುಟ್ಟಿ ತುಂಬಿದ್ದಾಗ ಹೇಗೆ, ಖಾಲಿ ಇದ್ದಾಗ ಹೇಗೆ, ಎಲ್ಲವನ್ನೂ ಶುರುವಿನಿಂದ ಹೇಳತೊಡಗಿದಳು. ಹಿಂದೆ ನಿಂತಿದ್ದ ರಿಕ್ಷಾದವನು ಹಾರ್ನು ಹೊಡೆದ. ಅವಳು ನಿಲ್ಲಿಸಲಿಲ್ಲ.